ಸಂಗೀತ ದೃಶ್ಯೀಕರಣ

ಸಂಗೀತ ದೃಶ್ಯೀಕರಣವು ಕೇಳಿಬರುತ್ತಿರುವ ಸಂಗೀತವನ್ನು ಆ ಕ್ಷಣದಲ್ಲಿಯೇ ವಿಶ್ಲೇಷಿಸಿ, ದೊರೆತ ಅಳತೆಗಳಿಗೆ ತಕ್ಕಂತೆ ಪರದೆಯ ಮೇಲಿನ ಚಿತ್ರವನ್ನೋ ವೇದಿಕೆಯ ಬೆಳಕನ್ನೋ ಬದಲಾಯಿಸುವ ತಂತ್ರವಾಗಿದೆ. ಇದರ ಬಹುತೇಕ ಪ್ರಕಾರಗಳು ಆವೃತ್ತಿ ವಿಶ್ಲೇಷಣೆಯನ್ನು ಆಧರಿಸಿವೆ. ಆವೃತ್ತಿ ಎಂದರೆ ಒಂದು ಸೆಕೆಂಡಿನಲ್ಲಿ ಉಂಟಾಗುವ ಕಂಪನಗಳ ಸಂಖ್ಯೆ. ಇದನ್ನು ಹರ್ಟ್ಸ್‌ಗಳಲ್ಲಿ ಅಳೆಯುತ್ತಾರೆ. ಶಬ್ದವನ್ನು ಅದರಲ್ಲಿ ಬೆರೆತಿರುವ ಬೇರೆ ಬೇರೆ ಆವೃತ್ತಿಗಳಾಗಿ ಬಿಡಿಸಿ, ಪ್ರತಿಯೊಂದರಲ್ಲಿ ಎಷ್ಟು ಶಕ್ತಿಯಿದೆ ಎಂದು ಲೆಕ್ಕ ಹಾಕಿ, ಆ ಸಂಖ್ಯೆಗಳನ್ನು ಚಿತ್ರದ ಗಾತ್ರ, ಬಣ್ಣ, ವೇಗ ಮೊದಲಾದ ಗುಣಗಳಿಗೆ ಜೋಡಿಸಲಾಗುತ್ತದೆ. ಸಂಗೀತ ಕಚೇರಿ, ನೃತ್ಯ ಮತ್ತು ರಂಗಪ್ರಯೋಗಗಳು, ಕಲಾ ಪ್ರದರ್ಶನಗಳು ಹಾಗೂ ಕಂಪ್ಯೂಟರಿನ ಸಂಗೀತ ತಂತ್ರಾಂಶಗಳು ಇದರ ಮುಖ್ಯ ಬಳಕೆಯ ತಾಣಗಳು.

ಮೊದಲೇ ಸಿದ್ಧಪಡಿಸಿದ ಸಂಗೀತ ವೀಡಿಯೊಗಿಂತ ಇದು ಭಿನ್ನವಾದುದು. ವೀಡಿಯೊದ ಸಂಕಲನಕಾರನಿಗೆ ಮುಂದಿನ ಪೆಟ್ಟು ಎಲ್ಲಿ ಬೀಳುತ್ತದೆಂಬುದು ತಿಳಿದಿರುತ್ತದೆ. ನೇರ ದೃಶ್ಯೀಕರಣಕ್ಕೆ ತಿಳಿದಿರುವುದು ಈಗಾಗಲೇ ಕೇಳಿ ಮುಗಿದ ಶಬ್ದ ಮಾತ್ರ. ಆದುದರಿಂದ ಚಿತ್ರವು ಶಬ್ದಕ್ಕಿಂತ ಯಾವಾಗಲೂ ಸ್ವಲ್ಪ ಹಿಂದೆಯೇ ಇರುತ್ತದೆ. ಈ ಹಿನ್ನಡೆಯನ್ನು ನೋಡುಗರ ಅರಿವಿಗೆ ಬಾರದಷ್ಟು ಚಿಕ್ಕದಾಗಿ ಇಡಬೇಕು, ಅದೇ ಹೊತ್ತಿಗೆ ಸ್ವರಗಳನ್ನು ಸ್ಪಷ್ಟವಾಗಿ ಬೇರ್ಪಡಿಸಲೂ ಬೇಕು. ಇವೆರಡೂ ಒಂದಕ್ಕೊಂದು ವಿರುದ್ಧವಾದ ಅಗತ್ಯಗಳು. ಈ ಕ್ಷೇತ್ರದ ತಾಂತ್ರಿಕ ಆಯ್ಕೆಗಳಲ್ಲಿ ಹೆಚ್ಚಿನವು ಈ ವಿರೋಧದಿಂದಲೇ ಹುಟ್ಟಿವೆ.

ಇತಿಹಾಸ

ಸ್ವರಕ್ಕೂ ಬಣ್ಣಕ್ಕೂ ನಂಟು ಕಲ್ಪಿಸುವ ಪ್ರಯತ್ನ ಹಳೆಯದು. ಫ್ರಾನ್ಸಿನ ಜೆಸ್ವಿಟ್ ಗಣಿತಜ್ಞ ಲೂಯಿ ಬರ್ಟ್ರಾಂಡ್ ಕ್ಯಾಸ್ಟೆಲ್ 1725ರಲ್ಲಿ ಕಣ್ಣಿಗಾಗಿ ನುಡಿಸುವ ಹಾರ್ಪ್ಸಿಕಾರ್ಡ್ ಒಂದನ್ನು ಪ್ರಸ್ತಾಪಿಸಿದನು. ರಷ್ಯಾದ ಸಂಯೋಜಕ ಅಲೆಕ್ಸಾಂಡರ್ ಸ್ಕ್ರಿಯಾಬಿನ್ 'ಪ್ರೊಮೀಥಿಯಸ್' ಕೃತಿಯ ಸ್ವರಲಿಪಿಯಲ್ಲಿ ಬೆಳಕಿಗೆಂದೇ ಒಂದು ಸಾಲನ್ನು ಬರೆದನು. 1915ರಲ್ಲಿ ನ್ಯೂಯಾರ್ಕಿನಲ್ಲಿ ಅದನ್ನು ಬಣ್ಣದ ಬೆಳಕಿನೊಡನೆ ಪ್ರದರ್ಶಿಸಲಾಯಿತು. ಆದರೆ ಇವುಗಳಲ್ಲಿ ಬೆಳಕನ್ನು ನುಡಿಸುತ್ತಿದ್ದುದು ಮನುಷ್ಯನ ಕೈ. ಶಬ್ದವೇ ಚಿತ್ರವನ್ನು ನಡೆಸುವ ವಿಧಾನದ ಪೂರ್ವಜರನ್ನು ಕಲೆಯಲ್ಲಿ ಅಲ್ಲ, ಧ್ವನಿವಿಜ್ಞಾನದ ಪ್ರಯೋಗಶಾಲೆಗಳಲ್ಲಿ ಹುಡುಕಬೇಕಾಗುತ್ತದೆ.

ಜರ್ಮನಿಯ ಅರ್ನ್ಸ್ಟ್ ಕ್ಲಾಡ್ನಿ 1787ರಲ್ಲಿ ಪ್ರಕಟಿಸಿದ ಮರಳಿನ ಆಕೃತಿಗಳು ಲೋಹದ ತಗಡಿನ ಕಂಪನವನ್ನು ಕಣ್ಣಿಗೆ ಕಾಣುವಂತೆ ಮಾಡಿದವು. ಇಂದಿನ ತಂತ್ರಕ್ಕೆ ಅದಕ್ಕಿಂತ ಹತ್ತಿರವಾದುದು ಪ್ಯಾರಿಸಿನಲ್ಲಿ ನೆಲೆಸಿದ್ದ ಉಪಕರಣ ತಯಾರಕ ರುಡಾಲ್ಫ್ ಕೋನಿಗ್ 1862ರಲ್ಲಿ ರೂಪಿಸಿದ ಜ್ವಾಲಾ ಸಾಧನ. ತೆಳುವಾದ ಪೊರೆಯೊಂದರ ಒಂದು ಬದಿಗೆ ಶಬ್ದವೂ ಇನ್ನೊಂದು ಬದಿಗೆ ಉರಿಯುವ ಅನಿಲವೂ ಇರುತ್ತಿದ್ದವು. ಪೊರೆ ಕಂಪಿಸಿದಾಗ ಅನಿಲದ ಒತ್ತಡ ಬದಲಾಗಿ ಜ್ವಾಲೆ ಏರಿಳಿಯುತ್ತಿತ್ತು. ಈ ಏರಿಳಿತವು ಬರಿಗಣ್ಣಿಗೆ ನಿಲುಕದಷ್ಟು ವೇಗದ್ದಾದ್ದರಿಂದ ತಿರುಗುವ ಕನ್ನಡಿಯಲ್ಲಿ ಅದರ ಪ್ರತಿಬಿಂಬವನ್ನು ಅಗಲವಾಗಿ ಹರಡಿ ನೋಡಲಾಗುತ್ತಿತ್ತು. ಹರ್ಮನ್ ಫಾನ್ ಹೆಲ್ಮ್‌ಹೋಲ್ಟ್ಜ್ ಬಳಕೆಗೆ ತಂದ ಟೊಳ್ಳು ಅನುರಣಕಗಳನ್ನು ಕೋನಿಗ್ ಸಾಲಾಗಿ ಜೋಡಿಸಿ, ಒಂದೊಂದಕ್ಕೂ ಒಂದೊಂದು ಜ್ವಾಲೆಯನ್ನು ಇಟ್ಟನು. ಪ್ರತಿ ಅನುರಣಕವೂ ತನ್ನ ಆವೃತ್ತಿಗೆ ಮಾತ್ರ ಸ್ಪಂದಿಸುತ್ತಿದ್ದುದರಿಂದ, ಯಾರಾದರೂ ಒಂದು ಸ್ವರಾಕ್ಷರವನ್ನು ಹಾಡಿದರೆ ಅದರಲ್ಲಿರುವ ಉಪಸ್ವರಗಳಿಗೆ ಸೇರಿದ ಜ್ವಾಲೆಗಳಷ್ಟೇ ಕುಣಿಯುತ್ತಿದ್ದವು. ಇಂದು ಸಂಗೀತ ತಂತ್ರಾಂಶಗಳಲ್ಲಿ ಕಾಣುವ ಏರಿಳಿಯುವ ಕಂಬಸಾಲು ಮಾಡುವ ಕೆಲಸವೂ ಇದೇ.

ಟ್ರಾನ್ಸಿಸ್ಟರ್ ಯುಗದಲ್ಲಿ ಬಂದ ಬಣ್ಣದ ದೀಪಗಳ ಪೆಟ್ಟಿಗೆಗಳು ಶಬ್ದವನ್ನು ವಿದ್ಯುತ್ ಶೋಧಕಗಳ ಮೂಲಕ ಮಂದ್ರ, ಮಧ್ಯ, ತಾರ ಎಂಬ ಮೂರು ಪಟ್ಟಿಗಳಾಗಿ ಬೇರ್ಪಡಿಸಿ ಮೂರು ಬಣ್ಣದ ದೀಪಗಳನ್ನು ಬೆಳಗಿಸುತ್ತಿದ್ದವು. 1970ರ ದಶಕದ ಉತ್ತರಾರ್ಧದಲ್ಲಿ ಅಟಾರಿ ಕಂಪನಿಯು ಮನೆಯ ಟಿವಿಗೆ ಜೋಡಿಸಬಹುದಾದ 'ವೀಡಿಯೊ ಮ್ಯೂಸಿಕ್' ಎಂಬ ಉಪಕರಣವನ್ನು ಮಾರಿತು. ವೈಯಕ್ತಿಕ ಕಂಪ್ಯೂಟರುಗಳಲ್ಲಿ ಈ ಕಲೆ ಜನಪ್ರಿಯವಾದುದು 1997ರಲ್ಲಿ ವಿನ್ಆಂಪ್ ಬಂದ ನಂತರ. ರಯಾನ್ ಗೈಸ್ ಅದಕ್ಕಾಗಿ 1998ರಲ್ಲಿ 'ಗೈಸ್' ಎಂಬ ಪೂರಕ ತಂತ್ರಾಂಶವನ್ನೂ 2001ರಲ್ಲಿ 'ಮಿಲ್ಕ್‌ಡ್ರಾಪ್' ಅನ್ನೂ ಬರೆದನು. ಮಿಲ್ಕ್‌ಡ್ರಾಪ್ ಬಳಕೆದಾರರೇ ದೃಶ್ಯಸೂತ್ರಗಳನ್ನು ಬರೆದು ಹಂಚಿಕೊಳ್ಳಲು ಅವಕಾಶ ನೀಡಿತು. ಅದರ ಮುಕ್ತ ತಂತ್ರಾಂಶ ರೂಪವಾದ 'ಪ್ರಾಜೆಕ್ಟ್ಎಂ' ಅವೇ ಸೂತ್ರಗಳನ್ನು ಓದಬಲ್ಲದು.

ಶಬ್ದದಿಂದ ರೋಹಿತಕ್ಕೆ

ಮೈಕ್ರೊಫೋನಿನಿಂದ ಅಥವಾ ಧ್ವನಿ ಮಿಕ್ಸರಿನಿಂದ ಬರುವ ಸಂಕೇತವನ್ನು ಮೊದಲು ಅಂಕೀಕರಿಸಲಾಗುತ್ತದೆ. ಸೆಕೆಂಡಿಗೆ 44,100 ಅಥವಾ 48,000 ಬಾರಿ ಅದರ ಮೌಲ್ಯವನ್ನು ಅಳೆಯುವುದು ವಾಡಿಕೆ. ಈ ಒಂದೊಂದು ಅಳತೆಯನ್ನೂ ಮಾದರಿ ಎನ್ನುತ್ತಾರೆ. ಈ ವೇಗದ ಅರ್ಧದಷ್ಟು ಆವೃತ್ತಿಯವರೆಗೆ ಮಾತ್ರ ಶಬ್ದವನ್ನು ಸರಿಯಾಗಿ ಹಿಡಿಯಲು ಸಾಧ್ಯ. ಮನುಷ್ಯನ ಶ್ರವಣದ ವ್ಯಾಪ್ತಿ ಸುಮಾರು 20ರಿಂದ 20,000 ಹರ್ಟ್ಸ್ ಆದುದರಿಂದ ಇದು ಸಾಕಾಗುತ್ತದೆ.

ಯಾವುದೇ ಸಂಕೀರ್ಣ ಅಲೆಯನ್ನು ಸರಳ ಅಲೆಗಳ ಮೊತ್ತವಾಗಿ ಬಿಡಿಸಬಹುದೆಂಬ ವಿಚಾರವನ್ನು ಜೋಸೆಫ್ ಫೋರಿಯರ್ 1822ರಲ್ಲಿ ಪ್ರಕಟವಾದ ತನ್ನ ಉಷ್ಣ ಸಿದ್ಧಾಂತದ ಗ್ರಂಥದಲ್ಲಿ ವಿಸ್ತರಿಸಿದನು. ಆದರೆ 2048 ಮಾದರಿಗಳ ಒಂದು ತುಣುಕನ್ನು ನೇರವಾಗಿ ಹಾಗೆ ಬಿಡಿಸಲು ಸುಮಾರು 42 ಲಕ್ಷ ಗುಣಾಕಾರಗಳು ಬೇಕು. ಜೇಮ್ಸ್ ಕೂಲಿ ಮತ್ತು ಜಾನ್ ಟ್ಯೂಕಿ 1965ರಲ್ಲಿ ಪ್ರಕಟಿಸಿದ ಶೀಘ್ರ ಫೋರಿಯರ್ ಪರಿವರ್ತನೆಯು, ಅಂದರೆ ಎಫ್‌ಎಫ್‌ಟಿ, ಈ ಕೆಲಸವನ್ನು ಇಪ್ಪತ್ತು ಸಾವಿರದ ಆಸುಪಾಸಿನ ಹೆಜ್ಜೆಗಳಿಗೆ ಇಳಿಸುತ್ತದೆ. ಇದೇ ಉಪಾಯವನ್ನು ಕಾರ್ಲ್ ಫ್ರೆಡ್ರಿಕ್ ಗೌಸ್ 1805ರ ಸುಮಾರಿಗೆ ಕ್ಷುದ್ರಗ್ರಹಗಳ ಕಕ್ಷೆಯ ಲೆಕ್ಕಕ್ಕಾಗಿ ಬರೆದಿಟ್ಟಿದ್ದನೆಂಬುದು ಬಹಳ ಕಾಲದ ನಂತರ ಬೆಳಕಿಗೆ ಬಂತು.

ಎಫ್‌ಎಫ್‌ಟಿಯ ಫಲಿತಾಂಶವನ್ನು ರೋಹಿತ ಎನ್ನುತ್ತಾರೆ. ಅದು ಸಮಾನ ಅಗಲದ ಖಾನೆಗಳ ಸಾಲು. ಪ್ರತಿ ಖಾನೆಯೂ ತನ್ನ ಆವೃತ್ತಿಯ ಸುತ್ತಲಿನ ಶಕ್ತಿಯನ್ನು ಹೇಳುತ್ತದೆ. ಶಬ್ದದ ಹರಿವಿನಿಂದ ಒಂದು ತುಣುಕನ್ನು ಹಠಾತ್ತನೆ ಕತ್ತರಿಸಿದರೆ ಎರಡೂ ತುದಿಗಳಲ್ಲಿ ಕೃತಕ ಜಿಗಿತ ಉಂಟಾಗಿ, ಒಂದು ಖಾನೆಯ ಶಕ್ತಿ ಅಕ್ಕಪಕ್ಕದ ಖಾನೆಗಳಿಗೆ ಸೋರುತ್ತದೆ. ಇದನ್ನು ತಗ್ಗಿಸಲು ತುಣುಕಿನ ಅಂಚುಗಳನ್ನು ನಿಧಾನವಾಗಿ ಸೊನ್ನೆಗೆ ಇಳಿಸುವ ಹಾನ್, ಬ್ಲ್ಯಾಕ್‌ಮನ್ ಮೊದಲಾದ ವಿಂಡೋ ಫಲನಗಳನ್ನು ಬಳಸುತ್ತಾರೆ.

ಕಾಲ ಮತ್ತು ಆವೃತ್ತಿಯ ಜಗ್ಗಾಟ

ತುಣುಕಿನ ಉದ್ದವೇ ಇಡೀ ವ್ಯವಸ್ಥೆಯ ಸ್ವಭಾವವನ್ನು ನಿರ್ಧರಿಸುತ್ತದೆ. 44,100ರ ವೇಗದಲ್ಲಿ 2048 ಮಾದರಿಗಳ ತುಣುಕು ಸುಮಾರು 46 ಮಿಲಿಸೆಕೆಂಡುಗಳ ಶಬ್ದವನ್ನು ಒಳಗೊಳ್ಳುತ್ತದೆ. ಒಂದು ಖಾನೆಯ ಅಗಲ 21.5 ಹರ್ಟ್ಸ್. ತುಣುಕನ್ನು 512 ಮಾದರಿಗಳಿಗೆ ಕಿರಿದುಗೊಳಿಸಿದರೆ ಅವಧಿ 12 ಮಿಲಿಸೆಕೆಂಡಿಗೆ ಇಳಿಯುತ್ತದೆ, ಆದರೆ ಖಾನೆ 86 ಹರ್ಟ್ಸ್‌ನಷ್ಟು ಅಗಲವಾಗುತ್ತದೆ. 8192ಕ್ಕೆ ಹಿಗ್ಗಿಸಿದರೆ ಖಾನೆ 5.4 ಹರ್ಟ್ಸ್‌ಗೆ ಕಿರಿದಾಗುತ್ತದೆ, ಆದರೆ ಆಗ ನೋಡುತ್ತಿರುವುದು 186 ಮಿಲಿಸೆಕೆಂಡುಗಳ ಸರಾಸರಿಯನ್ನು. ಕಾಲದಲ್ಲಿಯೂ ಆವೃತ್ತಿಯಲ್ಲಿಯೂ ಏಕಕಾಲಕ್ಕೆ ಬೇಕಾದಷ್ಟು ನಿಖರತೆ ಸಿಗದೆಂಬುದನ್ನು ಡೆನಿಸ್ ಗೇಬರ್ 1946ರಲ್ಲಿ ಗಣಿತರೂಪದಲ್ಲಿ ವಿವರಿಸಿದನು. ಇದು ಕಂಪ್ಯೂಟರಿನ ದೌರ್ಬಲ್ಯವಲ್ಲ. ಹೆಚ್ಚು ವೇಗದ ಯಂತ್ರವನ್ನು ಕೊಂಡರೂ ಈ ಮಿತಿ ಹಾಗೆಯೇ ಉಳಿಯುತ್ತದೆ.

ಸಂಗೀತದಲ್ಲಿ ಇದರ ಪರಿಣಾಮ ನೇರವಾದುದು. ಷಡ್ಜವು 131 ಹರ್ಟ್ಸ್‌ನಲ್ಲಿದ್ದರೆ ಅದರ ಶುದ್ಧ ರಿಷಭವು ಸುಮಾರು 140 ಹರ್ಟ್ಸ್‌ನಲ್ಲಿರುತ್ತದೆ. ಇವುಗಳ ಅಂತರ 9 ಹರ್ಟ್ಸ್ ಮಾತ್ರ. 21.5 ಹರ್ಟ್ಸ್ ಅಗಲದ ಖಾನೆಗಳಿಗೆ ಈ ಎರಡು ಸ್ವರಗಳು ಬೇರೆಯಾಗಿ ಕಾಣುವುದಿಲ್ಲ. ಎರಡು ಸ್ಥಾಯಿ ಮೇಲೆ ಅದೇ ಅಂತರವು 35 ಹರ್ಟ್ಸ್ ಆಗುವುದರಿಂದ ಅಲ್ಲಿ ಕೆಲಸ ಸುಲಭ. ಇದಕ್ಕೆ ವಿರುದ್ಧವಾಗಿ ಚರ್ಮವಾದ್ಯದ ಪೆಟ್ಟನ್ನು ಹಿಡಿಯಲು ಆವೃತ್ತಿಯ ಸೂಕ್ಷ್ಮತೆ ಬೇಡ, ಕಾಲದ ಸೂಕ್ಷ್ಮತೆ ಬೇಕು. ಆದ್ದರಿಂದ ಅನುಭವಿಗಳು ಒಂದೇ ಶಬ್ದಕ್ಕೆ ಎರಡು ವಿಶ್ಲೇಷಣೆಗಳನ್ನು ಜೊತೆಜೊತೆಗೆ ನಡೆಸುತ್ತಾರೆ: ಪೆಟ್ಟಿಗೆ ಕಿರಿದಾದ ತುಣುಕು, ಸ್ವರಕ್ಕೆ ಉದ್ದನೆಯ ತುಣುಕು. ಸ್ವರಕ್ಕೆ ಜೋಡಿಸಿದ ಬಣ್ಣವು ತುಸು ತಡವಾಗಿ ಬದಲಾದರೂ ಕಣ್ಣು ಅದನ್ನು ಸಹಿಸುತ್ತದೆ. ಪೆಟ್ಟಿಗೆ ಜೋಡಿಸಿದ ಮಿಂಚು ತಡವಾದರೆ ಸಹಿಸುವುದಿಲ್ಲ.

ಕಣ್ಣು ಮತ್ತು ಕಿವಿಗೆ ಹೊಂದಿಸುವುದು

ಎಫ್‌ಎಫ್‌ಟಿಯ ಖಾನೆಗಳನ್ನು ಇದ್ದ ಹಾಗೆಯೇ ಕಂಬಗಳಾಗಿ ಬಿಡಿಸಿದರೆ ಚಿತ್ರ ನಿರಾಶಾದಾಯಕವಾಗಿರುತ್ತದೆ. 2048 ಮಾದರಿಗಳಿಂದ ದೊರೆಯುವ ಸುಮಾರು ಸಾವಿರ ಖಾನೆಗಳಲ್ಲಿ 460ಕ್ಕೂ ಹೆಚ್ಚು ಖಾನೆಗಳು 10,000ದಿಂದ 20,000 ಹರ್ಟ್ಸ್‌ವರೆಗಿನ ಒಂದೇ ಸ್ಥಾಯಿಗೆ ಹೋಗುತ್ತವೆ. ಅಲ್ಲಿ ಸಂಗೀತದ ಶಕ್ತಿ ಅತ್ಯಲ್ಪ. ದೊಡ್ಡ ಡ್ರಮ್ಮಿನ ಪೆಟ್ಟು ಬೀಳುವ 50ರಿಂದ 100 ಹರ್ಟ್ಸ್‌ನ ಸ್ಥಾಯಿಗೆ ಸಿಗುವುದು ಎರಡು ಮೂರು ಖಾನೆಗಳಷ್ಟೆ. ಕಿವಿಯು ಆವೃತ್ತಿಯನ್ನು ಅನುಪಾತಗಳಲ್ಲಿ ಗ್ರಹಿಸುತ್ತದೆ. ಆವೃತ್ತಿ ಇಮ್ಮಡಿಯಾದಾಗಲೆಲ್ಲ ಒಂದು ಸ್ಥಾಯಿ ಏರಿದಂತೆ ಕೇಳುತ್ತದೆ. ಹಾಗಾಗಿ ಖಾನೆಗಳನ್ನು ಲಾಗರಿದಮ್ ಕ್ರಮದಲ್ಲಿ ಗುಂಪು ಮಾಡುತ್ತಾರೆ, ಅಥವಾ ಶ್ರವಣ ಪ್ರಯೋಗಗಳ ಆಧಾರದ ಮೇಲೆ ಸ್ಟೀವನ್ಸ್, ಫೋಕ್‌ಮನ್ ಮತ್ತು ನ್ಯೂಮನ್ 1937ರಲ್ಲಿ ಪ್ರಸ್ತಾಪಿಸಿದ ಮೆಲ್ ಮಾಪಕವನ್ನು ಬಳಸುತ್ತಾರೆ. ಗಟ್ಟಿತನವನ್ನೂ ಇದೇ ಕಾರಣಕ್ಕೆ ಡೆಸಿಬೆಲ್‌ಗೆ ಬದಲಾಯಿಸಲಾಗುತ್ತದೆ.

ಇನ್ನೊಂದು ತೊಂದರೆ ನಡುಕ. ರೋಹಿತದ ಮೌಲ್ಯಗಳು ಒಂದು ಫ್ರೇಮಿನಿಂದ ಇನ್ನೊಂದಕ್ಕೆ ಏಕಾಏಕಿ ಏರಿಳಿಯುವುದರಿಂದ ಚಿತ್ರವು ಅದುರುತ್ತದೆ. ಹೊಸ ಮೌಲ್ಯಕ್ಕೆ ಹಳೆಯದರ ಒಂದು ಭಾಗವನ್ನು ಬೆರೆಸಿ ಇದನ್ನು ನಯಗೊಳಿಸುತ್ತಾರೆ. ಬ್ರೌಸರುಗಳಲ್ಲಿನ ವೆಬ್ ಆಡಿಯೊ ಸೌಲಭ್ಯದ ವಿಶ್ಲೇಷಕವು, ಬೇರೆ ಸೂಚನೆ ಇಲ್ಲದಿದ್ದರೆ, ಹಳೆಯ ಮೌಲ್ಯದ 0.8 ಭಾಗ ಮತ್ತು ಹೊಸದರ 0.2 ಭಾಗವನ್ನು ಸೇರಿಸುತ್ತದೆ. ಸೆಕೆಂಡಿಗೆ 60 ಫ್ರೇಮ್‌ಗಳ ಲೆಕ್ಕದಲ್ಲಿ, ಹಠಾತ್ತನೆ ಎದ್ದ ಶಬ್ದವೊಂದು ತನ್ನ ಎತ್ತರದ ಅರ್ಧವನ್ನು ಮುಟ್ಟಲು ಮೂರು ಫ್ರೇಮ್, ಅಂದರೆ 50 ಮಿಲಿಸೆಕೆಂಡು ಹಿಡಿಯುತ್ತದೆ. ಡೆಸಿಬೆಲ್‌ಗೆ ಬದಲಾಯಿಸಿದಾಗ ಈ ನಿಧಾನ ಸ್ವಲ್ಪ ಮರೆಯಾಗುತ್ತದೆಯಾದರೂ, ಚಿತ್ರ ಸೋಮಾರಿಯಾಗಿದೆ ಎಂಬ ದೂರಿನ ಹಿಂದೆ ಅನೇಕ ಸಲ ಈ ಒಂದು ಸಂಖ್ಯೆಯೇ ಇರುತ್ತದೆ. ಏರುವಾಗ ಕೂಡಲೇ ಏರಿ ಇಳಿಯುವಾಗ ಮಾತ್ರ ನಿಧಾನವಾಗಿ ಇಳಿಯುವಂತೆ ಎರಡು ಬೇರೆ ಸಂಖ್ಯೆಗಳನ್ನು ಇಡುವುದು ಇದಕ್ಕಿಂತ ಉತ್ತಮವಾದ ಪದ್ಧತಿ.

ಸಭಾಂಗಣದಿಂದ ಸಭಾಂಗಣಕ್ಕೆ, ಹಾಡಿನಿಂದ ಹಾಡಿಗೆ ಶಬ್ದದ ಮಟ್ಟ ಬದಲಾಗುವುದರಿಂದ ಸ್ಥಿರವಾದ ಮಿತಿಗಳು ಉಪಯೋಗಕ್ಕೆ ಬರುವುದಿಲ್ಲ. ಮಿಲ್ಕ್‌ಡ್ರಾಪ್ ಇದಕ್ಕೆ ಸರಳವಾದ ಪರಿಹಾರವನ್ನು ಕಂಡುಕೊಂಡಿತು. ಅದರಲ್ಲಿ ಮಂದ್ರ, ಮಧ್ಯ, ತಾರ ಪಟ್ಟಿಗಳ ಮೌಲ್ಯಗಳು ಇತ್ತೀಚಿನ ಸರಾಸರಿಗೆ ಹೋಲಿಸಿದವುಗಳಾಗಿರುತ್ತವೆ: 1 ಎಂದರೆ ಸಾಮಾನ್ಯ, 0.7ಕ್ಕಿಂತ ಕಡಿಮೆ ಎಂದರೆ ಮೆಲುದನಿ, 1.3ಕ್ಕಿಂತ ಹೆಚ್ಚು ಎಂದರೆ ಜೋರು.

ಪೆಟ್ಟಿನ ಪತ್ತೆ

ಒಂದು ಪಟ್ಟಿಯ ಶಕ್ತಿ ಮಿತಿ ದಾಟಿದಾಗ ಪೆಟ್ಟು ಬಿತ್ತೆಂದು ಎಣಿಸುವುದು ಅತ್ಯಂತ ಸುಲಭದ ವಿಧಾನ. ಪ್ರತಿ ಪೆಟ್ಟಿಗೂ ಮಂದ್ರ ಡ್ರಮ್ಮು ಸ್ಪಷ್ಟವಾಗಿ ಕೇಳುವ ನೃತ್ಯಸಂಗೀತಕ್ಕೆ ಇದು ಸಾಕು. ಉಳಿದ ಸಂಗೀತಕ್ಕೆ ರೋಹಿತದ ಹರಿವನ್ನು ಲೆಕ್ಕ ಹಾಕುವುದು ಹೆಚ್ಚು ನಂಬಲರ್ಹ. ಇದರಲ್ಲಿ ಹಿಂದಿನ ತುಣುಕಿಗೆ ಹೋಲಿಸಿದಾಗ ಯಾವ ಯಾವ ಖಾನೆಗಳಲ್ಲಿ ಶಕ್ತಿ ಹೆಚ್ಚಿದೆಯೋ ಆ ಹೆಚ್ಚಳಗಳನ್ನಷ್ಟೇ ಕೂಡಿಸಿ, ಮೊತ್ತವು ಸುತ್ತಲಿನ ಮಟ್ಟಕ್ಕಿಂತ ಮೇಲೆ ಚಿಮ್ಮಿದ ಕ್ಷಣವನ್ನು ಪೆಟ್ಟೆಂದು ಗುರುತಿಸಲಾಗುತ್ತದೆ.

ಕರ್ನಾಟಕ ಸಂಗೀತದ ಕಚೇರಿಯಲ್ಲಿ ಈ ವ್ಯತ್ಯಾಸ ಎದ್ದು ಕಾಣುತ್ತದೆ. ತಂಬೂರಿಯು ಹಲವಾರು ಉಪಸ್ವರಗಳನ್ನು ನಿರಂತರವಾಗಿ ತುಂಬುತ್ತಿರುವುದರಿಂದ ಪಟ್ಟಿಗಳ ಶಕ್ತಿ ಎಂದೂ ಕೆಳಗಿಳಿಯುವುದಿಲ್ಲ. ಮೃದಂಗದ ಬಲಮುಖವಂತೂ ಸಾಮಾನ್ಯ ಡ್ರಮ್ಮಿನಂತೆ ಸ್ವರವಿಲ್ಲದ ಸದ್ದನ್ನು ಮಾಡುವುದಿಲ್ಲ. ಚಂದ್ರಶೇಖರ ವೆಂಕಟರಾಮನ್ ಅವರು ಎಸ್. ಕುಮಾರ್ ಅವರೊಡನೆ 1920ರಲ್ಲಿ 'ನೇಚರ್' ಪತ್ರಿಕೆಯಲ್ಲಿಯೂ, ಬಳಿಕ ಬೆಂಗಳೂರಿನಲ್ಲಿದ್ದಾಗ 1934ರ ಪ್ರಬಂಧದಲ್ಲಿಯೂ ತೋರಿಸಿದಂತೆ, ಮುಖದ ನಡುವಿನ ಕರಣೆಯ ಭಾರದಿಂದಾಗಿ ಅದರ ಉಪಸ್ವರಗಳು ಮೂಲಸ್ವರದ ಪೂರ್ಣಾಂಕ ಗುಣಕಗಳಿಗೆ ಹತ್ತಿರ ಬರುತ್ತವೆ. ಬಲಮುಖವನ್ನು ಷಡ್ಜಕ್ಕೆ ಶ್ರುತಿ ಮಾಡಿರುವುದರಿಂದ ಅದರ ಶಕ್ತಿಯೂ ತಂಬೂರಿ ಮತ್ತು ಗಾಯಕನ ದನಿ ಇರುವ ಖಾನೆಗಳಲ್ಲಿಯೇ ಬೀಳುತ್ತದೆ. ಶಕ್ತಿಯ ಮಟ್ಟವನ್ನು ಮಾತ್ರ ನೋಡುವ ವ್ಯವಸ್ಥೆಗೆ ಇಲ್ಲಿ ಪೆಟ್ಟು ತಪ್ಪಿಹೋಗುವುದು ಸಹಜ. ಹೆಚ್ಚಳವನ್ನು ನೋಡುವ ವ್ಯವಸ್ಥೆಯು ನಿರಂತರವಾದ ತಂಬೂರಿಯನ್ನು ಬಹುಮಟ್ಟಿಗೆ ಬದಿಗಿಟ್ಟು ಪೆಟ್ಟನ್ನು ಗುರುತಿಸುತ್ತದೆ. ಎಡಮುಖದ ಪೆಟ್ಟುಗಳು ಮಂದ್ರ ಪಟ್ಟಿಯಲ್ಲಿ ಬೀಳುವುದರಿಂದ ಅವನ್ನು ಪ್ರತ್ಯೇಕವಾಗಿ ಹಿಡಿಯಬಹುದು.

ಗಮಕವು ಮತ್ತೊಂದು ಬಗೆಯ ತೊಡಕು. ಸ್ವರವು ಒಂದು ಖಾನೆಯಿಂದ ಪಕ್ಕದ ಖಾನೆಗೆ ತೂಗಾಡಿದಾಗ ಹೊಸ ಖಾನೆಯಲ್ಲಿ ಶಕ್ತಿ ಹೆಚ್ಚಿದಂತೆ ಕಂಡು, ಇಲ್ಲದ ಪೆಟ್ಟು ದಾಖಲಾಗುತ್ತದೆ. ಪಾಶ್ಚಾತ್ಯ ಸಂಗೀತದ ಕಂಪಿತ ಸ್ವರಗಳಲ್ಲಿ ಕಂಡ ಇದೇ ದೋಷವನ್ನು ನಿವಾರಿಸಲು ಸೆಬಾಸ್ಟಿಯನ್ ಬಾಕ್ ಮತ್ತು ಗೆರ್ಹಾರ್ಡ್ ವಿಡ್ಮರ್ 2013ರಲ್ಲಿ 'ಸೂಪರ್‌ಫ್ಲಕ್ಸ್' ವಿಧಾನವನ್ನು ಪ್ರಕಟಿಸಿದರು. ಅದು ಹೋಲಿಕೆಗೆ ಹಿಂದಿನ ತುಣುಕಿನ ಒಂದೇ ಖಾನೆಯನ್ನಲ್ಲದೆ ಅದರ ನೆರೆಯ ಖಾನೆಗಳಲ್ಲಿ ಅತಿ ದೊಡ್ಡದನ್ನು ತೆಗೆದುಕೊಳ್ಳುತ್ತದೆ.

ಆವೃತ್ತಿ ವಿಶ್ಲೇಷಣೆಯು ಶಕ್ತಿಯನ್ನು ಅಳೆಯುತ್ತದೆಯೇ ಹೊರತು ಸಂಗೀತವನ್ನು ಅರಿಯುವುದಿಲ್ಲ. ಎರಡು ಪೆಟ್ಟುಗಳಲ್ಲಿ ಯಾವುದು ಸಮ, ಯಾವುದು ಎಡುಪು ಎಂಬುದು ರೋಹಿತದಲ್ಲಿ ಬರೆದಿರುವುದಿಲ್ಲ. ಗಾಯಕ ಬೇಕೆಂದೇ ಬಿಟ್ಟ ಮೌನವು ಕೇಳುಗನ ಮನಸ್ಸಿನಲ್ಲಿ ತಾಳದ ಒಂದು ಎಣಿಕೆ; ಯಂತ್ರಕ್ಕೆ ಅದು ಸೊನ್ನೆ ಮಾತ್ರ. ವೃತ್ತಿಪರ ಪ್ರದರ್ಶನಗಳಲ್ಲಿ ವಿಶ್ಲೇಷಣೆಯ ಜೊತೆಗೆ ಒಬ್ಬ ನಿರ್ವಾಹಕನ ಕೈಯೂ ಇರುವುದಕ್ಕೆ ಇದೇ ಕಾರಣ.

ವಿಳಂಬ

ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ 1998ರ ಬಿಟಿ.1359 ಶಿಫಾರಸ್ಸು ಟಿವಿ ಪ್ರಸಾರದಲ್ಲಿ ಚಿತ್ರ ಮತ್ತು ಶಬ್ದದ ಹೊಂದಾಣಿಕೆಯನ್ನು ಕುರಿತದ್ದು. ಅದರ ಪ್ರಕಾರ ಶಬ್ದವು ಚಿತ್ರಕ್ಕಿಂತ 125 ಮಿಲಿಸೆಕೆಂಡು ತಡವಾದಾಗ ವೀಕ್ಷಕರು ಅದನ್ನು ಗಮನಿಸತೊಡಗುತ್ತಾರೆ. ಆದರೆ ಶಬ್ದವು ಚಿತ್ರಕ್ಕಿಂತ ಮುಂದಾದರೆ 45 ಮಿಲಿಸೆಕೆಂಡಿಗೇ ಗಮನಿಸುತ್ತಾರೆ. ದೂರದ ಅಗಸನ ಬಟ್ಟೆ ಒಗೆತದಲ್ಲಿ ಸದ್ದು ತಡವಾಗಿ ಕೇಳುವುದು ಎಲ್ಲರಿಗೂ ಅಭ್ಯಾಸವಾದ ಸಂಗತಿ. ಸದ್ದು ಮೊದಲು ಕೇಳಿ ಪೆಟ್ಟು ಆಮೇಲೆ ಕಾಣುವುದು ಪ್ರಕೃತಿಯಲ್ಲಿ ಇಲ್ಲ. ನೇರ ದೃಶ್ಯೀಕರಣದಲ್ಲಿ ಚಿತ್ರವೇ ಹಿಂದುಳಿಯುವುದರಿಂದ ಅದು ಯಾವಾಗಲೂ ಈ ಕಟ್ಟುನಿಟ್ಟಾದ ಬದಿಯಲ್ಲಿಯೇ ಸಿಕ್ಕಿಕೊಂಡಿರುತ್ತದೆ. ಈ ಅಳತೆಗಳು ಟಿವಿಯ ಸಂದರ್ಭಕ್ಕೆ ಸಂಬಂಧಿಸಿದವಾದರೂ ಒಳ್ಳೆಯ ಅಂದಾಜನ್ನು ಕೊಡುತ್ತವೆ.

48,000ದ ವೇಗದಲ್ಲಿ 256 ಮಾದರಿಗಳ ಧ್ವನಿ ಬಫರ್ 5 ಮಿಲಿಸೆಕೆಂಡು ತೆಗೆದುಕೊಳ್ಳುತ್ತದೆ. 2048 ಮಾದರಿಗಳ ವಿಂಡೋ ತನ್ನ ನಡುಭಾಗಕ್ಕೆ ಹೆಚ್ಚು ತೂಕ ಕೊಡುವುದರಿಂದ ಸುಮಾರು 21 ಮಿಲಿಸೆಕೆಂಡು ಹಿಂದಿನದನ್ನು ತೋರಿಸುತ್ತದೆ. ಚಿತ್ರ ರಚನೆಗೆ ಒಂದು ಫ್ರೇಮ್, ಪರದೆಗೆ ಕನಿಷ್ಠ ಇನ್ನೊಂದು ಫ್ರೇಮ್ ಎಂದರೆ ಮತ್ತೆ 33 ಮಿಲಿಸೆಕೆಂಡು. ಮೊತ್ತ ಸುಮಾರು 60 ಮಿಲಿಸೆಕೆಂಡು; ಮಿತಿ ಆಗಲೇ ದಾಟಿತು. ಪ್ರೊಜೆಕ್ಟರಿನಲ್ಲಿ ಚಿತ್ರವನ್ನು ಸುಧಾರಿಸುವ ಸೌಲಭ್ಯಗಳು ಚಾಲೂ ಇದ್ದರೆ ಇದು ಇನ್ನಷ್ಟು ಹೆಚ್ಚುತ್ತದೆ. ಅವನ್ನು ನಿಲ್ಲಿಸುವುದು, ಪೆಟ್ಟಿಗೆ ಕಿರಿದಾದ ತುಣುಕನ್ನು ಬಳಸುವುದು, ಸಭಾಂಗಣದ ಮೈಕ್ರೊಫೋನಿನ ಬದಲು ಮಿಕ್ಸರಿನಿಂದ ನೇರ ತಂತಿ ಎಳೆಯುವುದು ಸಾಮಾನ್ಯ ಕ್ರಮಗಳು. ಧ್ವನಿಮುದ್ರಿತ ಸಂಗೀತವಾದರೆ ಶಬ್ದವನ್ನೇ ಅಷ್ಟು ಹೊತ್ತು ತಡೆದು ಬಿಡಬಹುದು.

ದೊಡ್ಡ ಸಭಾಂಗಣದಲ್ಲಿ ಭೌತಶಾಸ್ತ್ರವೂ ನೆರವಿಗೆ ಬರುತ್ತದೆ. ಶಬ್ದವು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಚಲಿಸುವುದರಿಂದ ಧ್ವನಿವರ್ಧಕದಿಂದ 15 ಮೀಟರ್ ದೂರ ಕುಳಿತವರಿಗೆ ಅದು 44 ಮಿಲಿಸೆಕೆಂಡು ತಡವಾಗಿ ತಲುಪುತ್ತದೆ. ಮುಂದಿನ ಸಾಲಿನವರಿಗೆ ಹಿಂದುಳಿದಂತೆ ಕಂಡ ಚಿತ್ರ ನಡುವಿನ ಸಾಲುಗಳಲ್ಲಿ ತಾಳಕ್ಕೆ ಸರಿಯಾಗಿ ಕಾಣಬಹುದು.

ಎಲೆಕ್ಟ್ರಾನಿಕ್ ಸಂಗೀತದಲ್ಲಿ ವಿಶ್ಲೇಷಣೆಯನ್ನು ಪೂರ್ತಿ ಬಿಟ್ಟು ವಾದ್ಯಗಳಿಂದಲೇ ಸಮಯದ ಸಂಕೇತ ಪಡೆಯುವುದೂ ಉಂಟು. 1983ರಲ್ಲಿ ಬಳಕೆಗೆ ಬಂದ ಮಿಡಿ ವ್ಯವಸ್ಥೆಯು ಪ್ರತಿ ಎಣಿಕೆಗೆ 24 ಸ್ಪಂದಗಳನ್ನು ಕಳುಹಿಸುತ್ತದೆ. ಇದರಿಂದ ಮುಂದಿನ ಪೆಟ್ಟನ್ನು ಊಹಿಸಿ ಚಿತ್ರವನ್ನು ಮೊದಲೇ ಸಿದ್ಧಪಡಿಸಬಹುದು.

ತಂತ್ರಾಂಶಗಳು

ಕಲಾವಿದರಿಗಾಗಿ ಕೇಸಿ ರೀಸ್ ಮತ್ತು ಬೆನ್ ಫ್ರೈ 2001ರಲ್ಲಿ ಆರಂಭಿಸಿದ 'ಪ್ರೊಸೆಸಿಂಗ್', ಅದರ ಬ್ರೌಸರ್ ರೂಪವಾದ 'ಪಿ5.ಜೆಎಸ್', ತಂತಿ ಜೋಡಿಸಿದಂತೆ ಕಟ್ಟಬಹುದಾದ 'ಟಚ್‌ಡಿಸೈನರ್' ಮತ್ತು 'ಮ್ಯಾಕ್ಸ್', ವೀಡಿಯೊ ತುಣುಕುಗಳನ್ನು ನೇರವಾಗಿ ಬೆರೆಸುವ 'ರೆಸೊಲ್ಯೂಮ್' ಹೆಚ್ಚು ಬಳಕೆಯಲ್ಲಿವೆ. ಯಾವುದೇ ಕಂಪ್ಯೂಟರಿನಲ್ಲಿ ಬೇರೇನನ್ನೂ ಅಳವಡಿಸದೆ ಪ್ರಯೋಗ ಮಾಡಲು ವೆಬ್ ಆಡಿಯೊ ಅನುಕೂಲಕರ. ಇದು 2021ರಲ್ಲಿ ಡಬ್ಲ್ಯು3ಸಿ ಸಂಸ್ಥೆಯ ಅಧಿಕೃತ ಶಿಫಾರಸ್ಸಾಯಿತು. ಇದರ ವಿಶ್ಲೇಷಕವು 32ರಿಂದ 32,768 ಮಾದರಿಗಳವರೆಗಿನ ತುಣುಕುಗಳನ್ನು ಒಪ್ಪುತ್ತದೆ.

ಸುರಕ್ಷತೆ

ಮಿನುಗುವ ಬೆಳಕು ಕೆಲವರಲ್ಲಿ ಅಪಸ್ಮಾರದ ಸೆಳವನ್ನು ಉಂಟುಮಾಡಬಲ್ಲದು. 1997ರ ಡಿಸೆಂಬರ್ 16ರಂದು ಜಪಾನಿನಲ್ಲಿ ಪ್ರಸಾರವಾದ 'ಪೋಕೆಮಾನ್' ಕಂತೊಂದರಲ್ಲಿ ಕೆಂಪು ಮತ್ತು ನೀಲಿ ಬಣ್ಣಗಳು ಸೆಕೆಂಡಿಗೆ ಸುಮಾರು 12 ಬಾರಿ ಅದಲುಬದಲಾದವು. ಸುಮಾರು 685 ಮಂದಿಯನ್ನು, ಹೆಚ್ಚಾಗಿ ಮಕ್ಕಳನ್ನು, ಆಸ್ಪತ್ರೆಗೆ ಸಾಗಿಸಬೇಕಾಯಿತು. 2008ರಲ್ಲಿ ಪ್ರಕಟವಾದ ಜಾಲತಾಣಗಳ ಸುಗಮ್ಯತಾ ಮಾರ್ಗಸೂಚಿಯು ಒಂದು ಸೆಕೆಂಡಿನ ಅವಧಿಯಲ್ಲಿ ಮೂರಕ್ಕಿಂತ ಹೆಚ್ಚು ಮಿನುಗು ಇರಬಾರದೆಂದು ಹೇಳುತ್ತದೆ ಮತ್ತು ಗಾಢ ಕೆಂಪಿನ ಮಿನುಗನ್ನು ಪ್ರತ್ಯೇಕವಾಗಿ ಪರಿಗಣಿಸುತ್ತದೆ.

ಶಬ್ದವೇ ಬೆಳಕನ್ನು ನಡೆಸುವಾಗ ಈ ಮಿತಿಯನ್ನು ಮೀರುವುದು ಬಹಳ ಸುಲಭ. ನಿಮಿಷಕ್ಕೆ 125 ಎಣಿಕೆಗಳ ಹಾಡಿನಲ್ಲಿ ಪ್ರತಿ ಎಣಿಕೆಗೆ ಒಮ್ಮೆ ಮಿನುಗಿದರೆ ಸೆಕೆಂಡಿಗೆ ಎರಡು ಮಿನುಗು ಆಗುತ್ತದೆ, ಇದು ಮಿತಿಯೊಳಗಿದೆ. ಎಣಿಕೆಯನ್ನು ನಾಲ್ಕಾಗಿ ಒಡೆದು ನುಡಿಯುವ ಕಂಚಿನ ತಟ್ಟೆಗೆ ಅದೇ ಬೆಳಕನ್ನು ಜೋಡಿಸಿದರೆ ಸೆಕೆಂಡಿಗೆ ಎಂಟಕ್ಕೂ ಹೆಚ್ಚು ಮಿನುಗುಗಳಾಗುತ್ತವೆ. ಹಾಡು ಯಾವ ಕ್ಷಣದಲ್ಲಿ ಹಾಗೆ ತಿರುಗುತ್ತದೆಂಬುದು ತಂತ್ರಾಂಶ ಬರೆದವನಿಗೆ ಮೊದಲೇ ತಿಳಿದಿರುವುದಿಲ್ಲ. ಆದುದರಿಂದ ಮಿತಿಯನ್ನು ವಿಶ್ಲೇಷಣೆಯ ಹಂತದಲ್ಲಲ್ಲ, ಬೆಳಕು ಹೊರಡುವ ಕೊನೆಯ ಹಂತದಲ್ಲಿ ಹಾಕಬೇಕಾಗುತ್ತದೆ: ಒಂದು ಮಿನುಗಿನ ನಂತರ ಮೂರನೇ ಒಂದು ಸೆಕೆಂಡಿಗಿಂತ ತುಸು ಹೆಚ್ಚು ಹೊತ್ತು ಇನ್ನೊಂದನ್ನು ತಡೆಹಿಡಿಯುವುದು, ಇಡೀ ಪರದೆಯ ಹೊಳಪಿನ ಬದಲು ಆಕೃತಿಗಳ ಚಲನೆಯನ್ನು ವೇಗದ ಪೆಟ್ಟುಗಳಿಗೆ ಜೋಡಿಸುವುದು, ಕೆಂಪಿನ ಗಾಢತೆಯನ್ನು ತಗ್ಗಿಸುವುದು. ಪ್ರದರ್ಶನ ಸ್ಥಳದ ಪ್ರವೇಶದಲ್ಲಿ ಎಚ್ಚರಿಕೆಯ ಫಲಕ ಹಾಕುವ ರೂಢಿಯೂ ಇದೆ. ಆದರೆ ತನಗೆ ಈ ಸಂವೇದನೆ ಇದೆಯೆಂಬುದು ಮೊದಲ ಸೆಳವು ಬರುವವರೆಗೆ ಅನೇಕರಿಗೆ ತಿಳಿದಿರುವುದಿಲ್ಲವಾದ್ದರಿಂದ ಫಲಕವು ಈ ಕ್ರಮಗಳಿಗೆ ಬದಲಿಯಾಗಲಾರದು.